ಯಾರು ಮಾಡಿದ ಪಾಪಕ್ಕೆ ಈ ಕಾಯಿಲೆ?

ನಮ್ಮಜ್ಜಿ ಒಂದು ಭಾನುವಾರನೂ ಬಿಡದೆ ಚರ್ಚಿಗೆ ಹೋಗ್ತಿದ್ದೋರು. ಪುನರ್ಜನ್ಮದ ಮಾತು ಬಂದ್ರೆ "ಅದೆಲ್ಲ ನಮಗಿಲ್ಲ" ಅಂತ ಖಡಾಖಂಡಿತವಾಗಿ ಹೇಳೋರು. ಆದ್ರೆ ಮಂಡಿನೋವು ಕೆರಳಿದ ರಾತ್ರಿ ಅವರ ಬಾಯಿಂದ ಬರ್ತಿದ್ದದ್ದು "ಯಾವ ಜನ್ಮದ ಪಾಪಾನೋ ಕರ್ತನೇ" ಅಂತ! ನಾವು ಮೊಮ್ಮಕ್ಕಳು ಹೊದಿಕೆ ಒಳಗೆ ನಗ್ತಿದ್ವಿ. ಈಗ ಯೋಚಿಸಿದ್ರೆ ಅದರಲ್ಲಿ ನಗೋಂಥದ್ದೇನಿಲ್ಲ ಅನ್ಸುತ್ತೆ, ಮತ ಯಾವುದಾದ್ರೂ ಇರ್ಲಿ ನಮ್ಮ ಕಡೆ ಕಾಯಿಲೆ ಬಂದ ತಕ್ಷಣ ನಾಲಿಗೆಗೆ ಬರೋದು ಲೆಕ್ಕಾಚಾರದ ಮಾತು, ಮಾಡಿದ್ದುಣ್ಣೋ ಮಹರಾಯ, ಯಾರೋ ಎಲ್ಲೋ ಏನೋ ಮಾಡಿದ್ದಾರೆ ಈಗ ಇವರು ಉಣ್ತಿದ್ದಾರೆ ಅಂತ.

ಆಮೇಲೆ ದೊಡ್ಡಮ್ಮನಿಗೆ ಬ್ರೆಸ್ಟ್ ಕ್ಯಾನ್ಸರ್ ಬಂತು. ಎರಡನೇ ಕೀಮೋ ಆಗಿ ಮನೆಗೆ ಬಂದಿದ್ರು, ಪ್ರಾರ್ಥನೆ ಮಾಡೋಕೆ ಅಂತ ಒಂದು ಗುಂಪು ಬಂತು, ಒಳ್ಳೆ ಜನಾನೇ, ಹಣ್ಣು ಎಳನೀರು ಎಲ್ಲ ತಂದಿದ್ರು. ಹೊರಡೋ ಹೊತ್ತಿಗೆ ಅದರಲ್ಲೊಬ್ಬರು ಕೈ ಹಿಡ್ಕೊಂಡು ಮೆತ್ತಗೆ "ಅರಿಕೆ ಮಾಡದೆ ಉಳಿದಿರೋ ಪಾಪ ಏನಾದ್ರೂ ಇದ್ಯಾ ನೋಡ್ಕೊಳ್ಳಿ ಆಂಟಿ, ಅದೊಂದು ಅಡ್ಡ ಇದ್ರೆ ಸ್ವಸ್ಥತೆ ಬರಲ್ಲ" ಅಂದ್ರು. ದೊಡ್ಡಮ್ಮ ಸುಮ್ನಿರೋರಲ್ಲ, "ಅರವತ್ತಾರು ವರ್ಷದ್ದು ಪಟ್ಟಿ ಮಾಡ್ಬೇಕು ಮಗಾ, ಸ್ವಲ್ಪ ಟೈಮ್ ಕೊಡು" ಅಂದು ನಗಿಸಿ ಕಳಿಸಿದ್ರು. ರಾತ್ರಿ ಅತ್ತರು. ಅಳ್ತಾ ನಿಜವಾಗ್ಲೂ ಪಟ್ಟಿ ಮಾಡ್ತಿದ್ರು, ಮೂವತ್ತು ವರ್ಷದ ಹಿಂದೆ ಓರಗಿತ್ತಿ ಜೊತೆ ಆಡಿದ ಜಗಳದವರೆಗೂ ಹೋಗಿದ್ರು.

ಅವತ್ತಿಂದ ಈ ವಿಷಯ ನನ್ನ ತಲೆಯಲ್ಲಿ ಕೂತಿದೆ. ಬೈಬಲ್ ನಿಜವಾಗ್ಲೂ ಹಾಗೆ ಹೇಳುತ್ತಾ? ನಾನು ದೈವಶಾಸ್ತ್ರ ಓದಿದೋನಲ್ಲ, ಆದ್ರೆ ವರ್ಷಗಟ್ಟಲೆ ಈ ಪ್ರಶ್ನೆ ಹಿಡ್ಕೊಂಡು ಓದಿದೀನಿ, ಅರ್ಥ ಆದಷ್ಟನ್ನ ಇಲ್ಲಿ ಬಿಡಿಸಿ ಹೇಳ್ತೀನಿ.

ಮೊದಲು ಒಂದು ವಿಷಯ ಒಪ್ಕೋಬೇಕು. ಪ್ರಾರ್ಥನೆಗೆ ಬಂದಿದ್ದವರು ಹೇಳಿದ್ದು ಅವರೇ ಹುಟ್ಟಿಸಿದ್ದಲ್ಲ, ಸತ್ಯವೇದದಲ್ಲಿ ಅದಕ್ಕೆ ಆಧಾರ ಇದೆ. ಧರ್ಮೋಪದೇಶಕಾಂಡ 28 ತೆಗೆದು ನೋಡಿ, ಆಜ್ಞೆ ಮೀರಿದ್ರೆ ಕ್ಷಯ, ಜ್ವರ, ಹುಣ್ಣು ಅಂತ ಶಾಪಗಳ ಉದ್ದ ಪಟ್ಟಿ. ಮೋಶೆ ವಿರುದ್ಧ ಮಾತಾಡಿದ ಅವನ ಅಕ್ಕ ಮಿರ್ಯಾಮಳಿಗೆ ಚರ್ಮರೋಗ ಬರುತ್ತೆ. ಪ್ರವಾದಿ ಎಲೀಷನ ಆಳು ಗೇಹಜಿ ದುಡ್ಡಿನ ಆಸೆಗೆ ಸುಳ್ಳು ಹೇಳಿ ರೋಗ ಹತ್ತಿಸ್ಕೋತಾನೆ. ಉಜ್ಜೀಯ ರಾಜ ಯಾಜಕರ ಕೆಲಸಕ್ಕೆ ಕೈ ಹಾಕಿದ್ದಕ್ಕೆ ಹಣೆಯಲ್ಲೇ ರೋಗ ಕಾಣಿಸ್ಕೊಳ್ಳುತ್ತೆ. ಹತ್ತು ಆಜ್ಞೆಗಳಲ್ಲೇ ಅಪ್ಪಂದಿರ ಅಪರಾಧಕ್ಕೆ ಮೂರು ನಾಲ್ಕು ತಲೆಮಾರಿನವರೆಗೆ ದಂಡನೆ ಅನ್ನೋ ಮಾತಿದೆ. ಇವನ್ನೆಲ್ಲ ಇಲ್ಲ ಅಂತ ಮುಚ್ಚಿಡೋಕಾಗಲ್ಲ.

ಆದ್ರೆ ಅದೇ ಪುಸ್ತಕದ ಒಳಗೇ ಇದರ ಜೊತೆ ಜಗಳ ಆಡೋ ದನಿಗಳೂ ಇವೆ, ನಮ್ಮ ಚರ್ಚಿನ ಪ್ರಸಂಗಗಳಲ್ಲಿ ಇದು ಅಷ್ಟಾಗಿ ಬರಲ್ಲ. ಇಸ್ರಾಯೇಲ್ಯರು ಬಾಬೆಲಿಗೆ ಸೆರೆ ಹೋಗಿದ್ದ ಕಾಲದಲ್ಲಿ ಅವರ ನಡುವೆ ಒಂದು ಗಾದೆ ಓಡಾಡ್ತಿತ್ತು, ಅಪ್ಪಂದಿರು ಹುಳಿದ್ರಾಕ್ಷಿ ತಿಂದ್ರು ಮಕ್ಕಳ ಹಲ್ಲು ಚಳಿತು ಅಂತ. ಯೆಹೆಜ್ಕೇಲ ಪ್ರವಾದಿ ತನ್ನ 18ನೇ ಅಧ್ಯಾಯ ಪೂರ್ತಿ ಆ ಗಾದೆ ಮೇಲೆ ಮುಗಿಬೀಳ್ತಾನೆ, ಇನ್ಮೇಲೆ ಈ ಗಾದೆ ಯಾರೂ ಎತ್ತಬಾರದು, ಮಗ ಅಪ್ಪನ ದೋಷದ ಫಲ ಹೊರಲ್ಲ ಅಂತ. ಅಂದ್ರೆ "ನಿಮ್ಮ ವಂಶದಲ್ಲಿ ಶಾಪ ಇದೆ, ಅದನ್ನ ಮುರೀಬೇಕು" ಅಂತ ಇವತ್ತು ಸ್ಪೆಷಲ್ ಮೀಟಿಂಗ್ ಮಾಡೋರಿಗೆ ಉತ್ತರ ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯಲ್ಲೇ ಕೂತಿದೆ.

ಇನ್ನು ಯೋಬ, ತಪ್ಪೇನೂ ಮಾಡದೆ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳ್ಕೊಂಡ ಮನುಷ್ಯ. ಅವನ ಕಥೆ ಎಲ್ರಿಗೂ ಗೊತ್ತು ಅಂದ್ಕೊಳ್ತೀವಿ, "ತಾಳ್ಮೆ ಅಂದ್ರೆ ಯೋಬನ ಹಾಗೆ" ಅಂತ ಮುಗಿಸ್ತೀವಿ. ಪುಸ್ತಕ ಓದಿದ್ರೆ ತಾಳ್ಮೆ ಇರೋದು ಮೊದಲ ಎರಡು ಅಧ್ಯಾಯದಲ್ಲಿ ಮಾತ್ರ, ಆಮೇಲೆ ಮನುಷ್ಯ ಹುಟ್ಟಿದ ದಿನಕ್ಕೇ ಶಾಪ ಹಾಕ್ತಾನೆ, ದೇವರನ್ನೇ ನ್ಯಾಯಕ್ಕೆ ಕರೀತಾನೆ. ಎಲೀಫಜ, ಬಿಲ್ದದ, ಚೋಫರ ಅಂತ ಮೂರು ಜನ ಸ್ನೇಹಿತರು ನೋಡೋಕೆ ಬರ್ತಾರೆ. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತ್ಕೋತಾರೆ, ಒಂದು ಮಾತೂ ಆಡಲ್ಲ. ನನ್ನ ಕೇಳಿದ್ರೆ ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಶುರುವಾಯ್ತು ನೋಡಿ, ನಿರಪರಾಧಿ ಯಾರಾದ್ರೂ ನಾಶ ಆಗಿದ್ದುಂಟಾ ಅಂತ ಎಲೀಫಜ, ನಿನ್ನ ಮಕ್ಕಳು ಪಾಪ ಮಾಡಿರ್ಬೇಕು ಅದಕ್ಕೇ ಸತ್ರು ಅಂತ ಬಿಲ್ದದ, ನಿನ್ನ ತಪ್ಪಿಗೆ ಸಿಗಬೇಕಾದ್ದಕ್ಕಿಂತ ಕಮ್ಮೀನೇ ಸಿಕ್ಕಿದೆ ಅಂತ ಚೋಫರ. ಹತ್ತು ಮಕ್ಕಳನ್ನ ಕಳ್ಕೊಂಡು ಬೂದಿಯಲ್ಲಿ ಕೂತು ಮೈ ಕೆರ್ಕೊಳ್ತಿರೋನಿಗೆ ಹೇಳೋ ಮಾತಾ ಇದು? ತಮಾಷೆ ಏನಂದ್ರೆ ಬಿಡಿಬಿಡಿಯಾಗಿ ತೆಗೆದ್ರೆ ಅವರ ಮಾತುಗಳು ಭಕ್ತಿಯಿಂದ ತುಂಬಿವೆ, ಫ್ರೇಮ್ ಹಾಕಿ ಗೋಡೆಗೆ ತೂಗು ಹಾಕಬಹುದು. ಕೊನೆಗೆ 42ನೇ ಅಧ್ಯಾಯದಲ್ಲಿ ದೇವರು ಎಲೀಫಜನಿಗೆ ಹೇಳೋದು, ನಿನ್ನ ಮೇಲೂ ನಿನ್ನ ಇಬ್ಬರು ಸ್ನೇಹಿತರ ಮೇಲೂ ನನಗೆ ಸಿಟ್ಟಿದೆ, ನನ್ನ ದಾಸ ಯೋಬ ನನ್ನ ಬಗ್ಗೆ ಸರಿಯಾಗಿ ಮಾತಾಡಿದ ಹಾಗೆ ನೀವು ಮಾತಾಡಲಿಲ್ಲ ಅಂತ. ದೇವರ ಪರವಾಗಿ ವಾದ ಮಾಡಿದೋರಿಗೆ ಬೈಗುಳ, ದೇವರ ಜೊತೆ ಜಗಳ ಆಡಿದೋನಿಗೆ ಮೆಚ್ಚುಗೆ. ಇನ್ನೊಂದು ಗಮನಿಸಿ, ಇಷ್ಟೆಲ್ಲ ಆದ್ರೂ ಯಾಕೆ ಹೀಗಾಯ್ತು ಅನ್ನೋದನ್ನ ದೇವರು ಯೋಬನಿಗೆ ಹೇಳೋದೇ ಇಲ್ಲ.

ಹೊಸ ಒಡಂಬಡಿಕೆಗೆ ಬಂದ್ರೆ ಈ ಪ್ರಶ್ನೆ ನೇರವಾಗಿ ಬರೋದು ಯೋಹಾನ 9ರಲ್ಲಿ. ಹುಟ್ಟು ಕುರುಡ ಒಬ್ಬ ದಾರಿಯಲ್ಲಿ ಕೂತಿದ್ದಾನೆ, ಶಿಷ್ಯರು ಗುರುವನ್ನ ಕೇಳ್ತಾರೆ, ಇವನು ಕುರುಡನಾಗಿ ಹುಟ್ಟೋಕೆ ಯಾರು ಪಾಪ ಮಾಡಿದ್ದು, ಇವನಾ ಇವನ ಅಪ್ಪ ಅಮ್ಮನಾ? ಹುಟ್ಟೋಕೆ ಮೊದಲೇ ಪಾಪ ಹೇಗೆ ಮಾಡ್ತಾನೆ ಅಂತ ನಿಮಗೆ ಅನ್ನಿಸಬಹುದು. ಮಗು ಗರ್ಭದಲ್ಲೇ ಪಾಪ ಮಾಡೋಕೆ ಸಾಧ್ಯವಾ ಅನ್ನೋ ಚರ್ಚೆ ಯೆಹೂದಿ ಗುರುಗಳಲ್ಲಿ ನಡೆದಿದ್ದುಂಟು. ನಮ್ಮಜ್ಜಿಯ "ಯಾವ ಜನ್ಮದ ಪಾಪಾನೋ" ಎಷ್ಟು ದೂರದ ನೆಂಟಸ್ತನ ಇಟ್ಕೊಂಡಿದೆ ನೋಡಿ. ಯೇಸುಸ್ವಾಮಿ ಉತ್ತರ ಎರಡು ಮಾತಿಂದು: ಇವನೂ ಅಲ್ಲ, ಇವನ ಅಪ್ಪ ಅಮ್ಮನೂ ಅಲ್ಲ.

ಆಮೇಲಿನ ಸಾಲು ಕಷ್ಟದ್ದು. ದೇವರ ಕ್ರಿಯೆಗಳು ಇವನಲ್ಲಿ ತೋರಿಬರೋದಕ್ಕಾಗಿ ಅಂತ ನಮ್ಮ ಅನುವಾದಗಳಲ್ಲಿದೆ. ಅಂದ್ರೆ ಒಂದು ದಿನ ಪವಾಡ ತೋರಿಸೋಕೆ ಇಷ್ಟು ವರ್ಷ ಒಬ್ಬನನ್ನ ಕತ್ತಲಲ್ಲಿ ಇಟ್ಟಿದ್ರಾ ದೇವರು? ನನಗೆ ಇದು ತುಂಬಾ ದಿನ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಆಮೇಲೆ ಗೊತ್ತಾಗಿದ್ದು, ಹಳೇ ಗ್ರೀಕ್ ಪ್ರತಿಗಳಲ್ಲಿ ಈಗಿನ ಹಾಗೆ ಪೂರ್ಣವಿರಾಮ ಅಲ್ಪವಿರಾಮ ಇರ್ಲಿಲ್ಲ, ವಾಕ್ಯ ಎಲ್ಲಿ ಮುಗೀತು ಅನ್ನೋದನ್ನ ಆಮೇಲಿನವರು ನಿರ್ಧಾರ ಮಾಡಿದ್ದು. ಕೆಲವು ವಿದ್ವಾಂಸರು ವಿರಾಮವನ್ನ ಬೇರೆ ಕಡೆ ಇಟ್ಟು ಓದ್ತಾರೆ: "ಇವನೂ ಅಲ್ಲ, ಅಪ್ಪ ಅಮ್ಮನೂ ಅಲ್ಲ. ಆದ್ರೆ ದೇವರ ಕ್ರಿಯೆಗಳು ಇವನಲ್ಲಿ ತೋರಿಬರೋ ಹಾಗೆ, ಹಗಲಿರೋವಾಗ್ಲೇ ನಾವು ಕೆಲಸ ಮಾಡ್ಬೇಕು." ಎಲ್ಲರೂ ಇದನ್ನ ಒಪ್ಪಲ್ಲ, ಆದ್ರೆ ಹೀಗೆ ಓದಿದ್ರೆ ಕಾರಣ ಹುಡುಕೋದು ಅಲ್ಲಿಗೇ ನಿಲ್ಲುತ್ತೆ, ಮಾಡ್ಬೇಕಾದ ಕೆಲಸ ಮುಂದೆ ಬರುತ್ತೆ. ತಕ್ಷಣ ಯೇಸುಸ್ವಾಮಿ ಮಾಡೋದೂ ಅದನ್ನೇ ತಾನೇ, ಉಗುಳಿ, ಕೆಸರು ಕಲಸಿ, ಕಣ್ಣಿಗೆ ಹಚ್ಚಿ, ಹೋಗು ಸಿಲೋವ ಕೊಳದಲ್ಲಿ ತೊಳ್ಕೋ ಅಂತಾರೆ. ಈ ಕೊಳದ ಮೆಟ್ಟಿಲುಗಳು 2004ರಲ್ಲಿ ಜೆರುಸಲೇಮಿನಲ್ಲಿ ಚರಂಡಿ ಪೈಪ್ ರಿಪೇರಿ ಮಾಡೋವಾಗ ಸಿಕ್ಕವು.

ಈ ಅಧ್ಯಾಯದ ಕೊನೆ ಯಾರೂ ಅಷ್ಟಾಗಿ ಓದಲ್ಲ. ಕಣ್ಣು ಬಂದವನನ್ನ ಫರಿಸಾಯರು ಅನ್ನೋ ಯೆಹೂದಿ ಧರ್ಮದ ಮುಖಂಡರು ವಿಚಾರಣೆ ಮಾಡ್ತಾರೆ, ಅವನು ಧೈರ್ಯವಾಗಿ ಎದುರು ಮಾತಾಡ್ತಾನೆ, ಆಗ ಅವರು "ನೀನು ಪೂರಾ ಪಾಪದಲ್ಲೇ ಹುಟ್ಟಿದೋನು, ನಮಗೇ ಬುದ್ಧಿ ಹೇಳ್ತೀಯಾ" ಅಂತ ಹೊರಗೆ ಹಾಕ್ತಾರೆ. ಕಣ್ಣು ಬಂದ್ರೂ ಅವರ ಲೆಕ್ಕದಲ್ಲಿ ಪಾಪ ಹೋಗಿಲ್ಲ.

ಲೂಕ 13ರಲ್ಲೂ ಇದೇ ವಿಷಯ ಇನ್ನೊಂದು ರೀತಿ ಬರುತ್ತೆ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ರು, ಅವರು ಜೆರುಸಲೇಮಿನ ಉಳಿದ ಜನಕ್ಕಿಂತ ದೊಡ್ಡ ಅಪರಾಧಿಗಳು ಅಂತ ಅಂದ್ಕೊಂಡ್ರಾ, ಅಲ್ಲ ಅಂತಾರೆ ಯೇಸುಸ್ವಾಮಿ. ಅದರ ಜೊತೆಗೇ ನೀವೂ ತಿರುಗಿಕೊಳ್ಳದಿದ್ರೆ ನಾಶ ಆಗ್ತೀರಿ ಅಂತಲೂ ಸೇರಿಸ್ತಾರೆ. ಪಾಪದ ಮಾತನ್ನ ಅವರು ಬಿಟ್ಟಿಲ್ಲ, ಸತ್ತವರ ಕಡೆಗೆ ನೆಟ್ಟಿದ್ದ ಬೆರಳನ್ನ ಕೇಳ್ತಿದ್ದವರ ಕಡೆ ತಿರುಗಿಸಿದ್ರು ಅಷ್ಟೇ.

ಹಾಗಾದ್ರೆ ಯೇಸುಸ್ವಾಮಿ ರೋಗಿಗೆ ಪಾಪದ ಮಾತು ಹೇಳಿದ್ದೇ ಇಲ್ವಾ? ಹೇಳಿದ್ದಾರೆ. ಬೇತ್ಸಥಾ ಕೊಳದ ಹತ್ರ ಬಿದ್ದಿದ್ದ, 38 ವರ್ಷದಿಂದ ಕಾಯಿಲೆಯಲ್ಲಿದ್ದವನು ವಾಸಿಯಾದ ಮೇಲೆ, ಇನ್ನು ಪಾಪ ಮಾಡ್ಬೇಡ, ಇದಕ್ಕಿಂತ ಕೆಟ್ಟದ್ದು ಬಂದೀತು ಅಂತಾರೆ. ಆದ್ರೆ ಆ ಮಾತು ಬಂದದ್ದು ವಾಸಿ ಆದ್ಮೇಲೆ, ದೇವಾಲಯದಲ್ಲಿ ಅವನು ಸಿಕ್ಕಾಗ. ಅದೂ ಅಲ್ದೆ ವಾಸಿ ಮಾಡಿದ್ದು ಯಾರು ಅಂತಾನೇ ಅವನಿಗೆ ಮೊದಲು ಗೊತ್ತಿರ್ಲಿಲ್ಲ, ವಿಶ್ವಾಸದ ಟೆಸ್ಟ್ ಪಾಸಾಗೋ ಮಾತೆಲ್ಲಿ ಬಂತು? ಕಪೆರ್ನೌಮಿನಲ್ಲಿ ಚಾವಣಿ ಬಿಚ್ಚಿ ಇಳಿಸಿದ ಪಾರ್ಶ್ವವಾಯು ರೋಗಿಗೆ ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಅಂತ ಮೊದಲೇ ಹೇಳ್ತಾರೆ ನಿಜ, ಆದ್ರೆ ಪಾಪದಿಂದಲೇ ನಿನಗೆ ಹೀಗಾಯ್ತು ಅಂತ ಎಲ್ಲೂ ಹೇಳಿಲ್ಲ. ಅಲ್ಲಿ ಅವರು ಗಮನಿಸಿದ್ದು ಹೊತ್ತು ತಂದವರ ನಂಬಿಕೇನ, ಮಲಗಿದ್ದವನು ಬಾಯಿ ಬಿಟ್ಟಿದ್ದೇ ಕಾಣಲ್ಲ.

ಇನ್ನು ಎಲ್ಲ ಪ್ರಾರ್ಥನಾ ಕೂಟದಲ್ಲೂ ಓದೋ ಯಾಕೋಬ 5. ಕಾಯಿಲೆ ಇದ್ರೆ ಸಭೆಯ, ಅಂದ್ರೆ ಚರ್ಚಿನ, ಹಿರಿಯರನ್ನ ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಲಿ, ಅವನು ಪಾಪ ಮಾಡಿದವನಾಗಿದ್ದರೆ ಅದು ಕ್ಷಮಿಸಲ್ಪಡುವುದು. ಇಡೀ ದೈವಶಾಸ್ತ್ರ ಆ "ದ್ದರೆ" ಅನ್ನೋ ಒಂದು ಪ್ರತ್ಯಯದಲ್ಲಿ ಕೂತಿದೆ. ಗ್ರೀಕಿನಲ್ಲೂ ಅದು "ಒಂದು ವೇಳೆ" ಅಂತಾನೇ. ಆದ್ರೆ ನಮ್ಮ ಬಾಯಲ್ಲಿ ಅದು "ಮಾಡಿರೋದ್ರಿಂದ" ಆಗ್ಬಿಟ್ಟಿದೆ.

ಸಭೆಯ ಹಳೇ ಗುರುಗಳು ಇದನ್ನೆಲ್ಲ ಸೇರಿಸಿ ಒಂದು ವ್ಯತ್ಯಾಸ ಮಾಡ್ಕೊಂಡ್ರು, ಅದು ಅರ್ಥ ಆದ್ರೆ ಅರ್ಧ ಗೊಂದಲ ಹೋಗುತ್ತೆ. ರೋಗ, ಸಾವು ಇವೆಲ್ಲ ಒಟ್ಟಾರೆ ಲೋಕ ಕೆಟ್ಟಿರೋದರ ಗುರುತು, ಆದಾಮನಿಂದ ಶುರುವಾದ ಬಿರುಕು, ಇಡೀ ಸೃಷ್ಟಿಯೇ ನರಳ್ತಿದೆ ಅಂತ ಯೇಸುಸ್ವಾಮಿ ಬಗ್ಗೆ ಸಾರುತ್ತಾ ತಿರುಗಿದ ಪೌಲ ರೋಮಾಪುರದವರಿಗೆ ಬರೆದ ಹಾಗೆ. ಇದು ಎಲ್ಲರಿಗೂ ಸೇರಿದ್ದು, ಆರೋಗ್ಯವಾಗಿ ಕೂತು ಪ್ರಾರ್ಥನೆ ಮಾಡೋರಿಗೂ. ಇದರಿಂದ ಈ ಹೆಂಗಸಿನ ಈ ಗಡ್ಡೆ ಅವಳ ಆ ತಪ್ಪಿಗೆ ಬಂತು ಅಂತ ಹಾರೋದು ಬೇರೇನೇ ಮಾತು. ಇನ್ನೊಂದು, ಕುಡಿದು ಕುಡಿದು ಲಿವರ್ ಹೋದ್ರೆ ಅದು ಪರಿಣಾಮ, ಅದರಲ್ಲಿ ಗುಟ್ಟೇನಿಲ್ಲ, ಡಾಕ್ಟರೇ ಹೇಳ್ತಾರೆ. ಆದ್ರೆ ಪರಿಣಾಮವನ್ನ ಶಿಕ್ಷೆ ಅಂತ ಕರೆದ ಕೂಡ್ಲೇ ಒಬ್ಬ ಶಿಕ್ಷಿಸೋನು ಬೇಕಾಗುತ್ತೆ, ಅವನ ಪರವಾಗಿ ತೀರ್ಪು ಓದೋಕೆ ನಾವು ರೆಡಿಯಾಗಿ ನಿಂತಿರ್ತೀವಿ.

ಈ ತೀರ್ಪು ಓದೋ ಚಟ ಏನು ಮಾಡುತ್ತೆ ಅನ್ನೋದಕ್ಕೆ ಕುಷ್ಠರೋಗದ ಚರಿತ್ರೆ ಸಾಕು. ಯಾಜಕಕಾಂಡ 13, 14ರಲ್ಲಿ "ಕುಷ್ಠ" ಅಂತ ನಾವು ಓದೋ ಜಾಗದಲ್ಲಿ ಹೀಬ್ರೂ ಪದ "ಸಾರಾಅತ್". ಅದು ಬಟ್ಟೆಗೂ ಬರುತ್ತೆ, ಮನೆ ಗೋಡೆಗೂ ಬರುತ್ತೆ! ಗೋಡೆಗೆ ಕುಷ್ಠ ಬರೋಕೆ ಸಾಧ್ಯವಾ? ಅಂದ್ರೆ ಅದು ಹಲವು ಬಗೆ ಚರ್ಮದ ತೊಂದರೆ, ಬೂಸ್ಟು ಎಲ್ಲ ಸೇರಿದ ಶುದ್ಧಿ-ಮೈಲಿಗೆಯ ಪದ. ಅದು ಗ್ರೀಕಿನಲ್ಲಿ "ಲೆಪ್ರಾ" ಆಗಿ, ಅಲ್ಲಿಂದ ಒಂದೊಂದು ಭಾಷೆಗೆ ಇಳಿದು, ಕೊನೆಗೆ ಒಂದೇ ಒಂದು ಕಾಯಿಲೆ ತಲೆ ಮೇಲೆ ಕೂತ್ಕೊಳ್ತು. ಅನುವಾದದ ಒಂದು ಪದ ಎಷ್ಟು ಜನರನ್ನ ಊರಾಚೆ ಇಟ್ಟಿತೋ.

1873ರಲ್ಲಿ ನಾರ್ವೆಯ ಡಾಕ್ಟರ್ ಹ್ಯಾನ್ಸನ್ ಈ ರೋಗದ ಬ್ಯಾಕ್ಟೀರಿಯಾ ಗುರುತಿಸಿದ್ರು. ಅದೇ 1873ರಲ್ಲಿ ಬೆಲ್ಜಿಯಂನ ಫಾದರ್ ದಾಮಿಯನ್ ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳನ್ನ ಗಡೀಪಾರು ಮಾಡಿದ್ದ ಜಾಗಕ್ಕೆ ಹೋದ್ರು. ಗಾಯ ಕಟ್ಟಿದ್ರು, ಮನೆ ಕಟ್ಟಿದ್ರು, ಸಮಾಧಿ ತೋಡಿದ್ರು, ಅವರಿಗೂ ರೋಗ ಬಂತು, 1889ರಲ್ಲಿ ತೀರಿಕೊಂಡ್ರು. ಸತ್ತ ವರ್ಷವೇ ಹೊನೊಲುಲುವಿನ ಪ್ರೊಟೆಸ್ಟೆಂಟ್ ಪಾದ್ರಿ ಹೈಡ್ ಅನ್ನೋರು ಒಂದು ಪತ್ರದಲ್ಲಿ ಬರೆದ್ರು, ಆ ಮನುಷ್ಯನಿಗೆ ರೋಗ ಬಂದದ್ದು ಅವನ ದುರ್ನಡತೆ ಮತ್ತು ಅಜಾಗರೂಕತೆಯಿಂದ ಅಂತ. ಬ್ಯಾಕ್ಟೀರಿಯಾ ಸಿಕ್ಕಿ 16 ವರ್ಷ ಆಗಿತ್ತು. ಕಾದಂಬರಿಕಾರ ಆರ್. ಎಲ್. ಸ್ಟೀವನ್ಸನ್ ಮೊಲೊಕಾಯ್‌ಗೆ ಹೋಗಿ ಬಂದಿದ್ದೋರು, 1890ರಲ್ಲಿ ಹೈಡ್‌ಗೆ ಬಹಿರಂಗ ಪತ್ರ ಬರೆದು ಚೆನ್ನಾಗಿ ಝಾಡಿಸಿದ್ರು. ಇವತ್ತು ಹೈಡ್ ಹೆಸರು ಜನಕ್ಕೆ ಗೊತ್ತಿರೋದೇ ಆ ಬೈಗುಳದಿಂದ. ದಾಮಿಯನ್ 2009ರಲ್ಲಿ ಸಂತ ಆದ್ರು. ಪ್ರೊಟೆಸ್ಟೆಂಟ್ ಆಗಿರೋ ನನಗೆ ಈ ಕಥೆ ಹೇಳೋವಾಗ ಸ್ವಲ್ಪ ಮುಜುಗರ ಆಗುತ್ತೆ, ಆದ್ರೂ ಹೇಳ್ತೀನಿ.

ನಮ್ಮ ಮಂಗಳೂರಲ್ಲಿ ಇದೇ ಕಾಲದ್ದು ಇನ್ನೊಂದು ಕಥೆ ಇದೆ. ಜರ್ಮನ್ ಜೆಸ್ವಿಟ್ ಫಾದರ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧಿ ಕೊಡೋಕೆ ಶುರು ಮಾಡಿದ್ರು, ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೂ ಒಂದು ಆಶ್ರಯ ಆಯ್ತು, ಈಗಿನ ಫಾದರ್ ಮುಲ್ಲರ್ ಆಸ್ಪತ್ರೆಯ ಬೇರು ಅದೇ. ಮುಂದೆ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ (ನಮ್ಮ ಕಡೆಯಿಂದ ಎಷ್ಟು ಜನ ರೈಲು ಹತ್ತಿ ಹೋಗ್ತಾರೋ ಅಲ್ಲಿಗೆ) ಡಾಕ್ಟರ್ ಪಾಲ್ ಬ್ರಾಂಡ್ ಇನ್ನೊಂದು ವಿಷಯ ತೋರಿಸಿಕೊಟ್ರು. ಕುಷ್ಠದಲ್ಲಿ ಬೆರಳು ತಾನಾಗೇ ಕೊಳೆತು ಉದುರುತ್ತೆ ಅಂತ ಎಲ್ಲ ನಂಬಿದ್ರು. ಹಾಗಲ್ಲ, ನರ ಸತ್ತು ನೋವು ಗೊತ್ತಾಗಲ್ಲ, ಬಿಸಿ ಪಾತ್ರೆ ಹಿಡಿದ್ರೂ ಮುಳ್ಳು ಚುಚ್ಚಿದ್ರೂ ತಿಳಿಯಲ್ಲ, ಗಾಯ ಮೇಲೆ ಗಾಯ ಆಗಿ ಬೆರಳು ಹೋಗುತ್ತೆ ಅಂತ ಅವರು ಕಂಡುಕೊಂಡ್ರು. ಶಾಪದ ಗುರುತು ಅಂತ ಸಾವಿರಾರು ವರ್ಷ ಅಂದ್ಕೊಂಡಿದ್ದು ಕೊನೆಗೆ ನೋವು ಇಲ್ಲದ್ದರ ತೊಂದರೆ! ಈಗ ಮಾತ್ರೆಯಿಂದ ಪೂರ್ತಿ ವಾಸಿಯಾಗುತ್ತೆ. ಹಾಗಿದ್ರೂ ಭಾರತದ ಕ್ರೈಸ್ತರ ವಿಚ್ಛೇದನ ಕಾನೂನಿನಲ್ಲಿ ಗಂಡನೋ ಹೆಂಡತಿಯೋ ಕುಷ್ಠರೋಗಿ ಆಗಿರೋದು ವಿಚ್ಛೇದನಕ್ಕೆ ಕಾರಣ ಅಂತ ಇದ್ದದ್ದನ್ನ ತೆಗೆದದ್ದು 2019ರಲ್ಲಿ, ಬೇರೆ ಮತದವರ ಕಾನೂನುಗಳ ಜೊತೆಗೇ.

ಈಗ ಪಾಪದ ಮಾತು ಸ್ವಲ್ಪ ಹಳೇದಾಯ್ತು, ಅದರ ಜಾಗಕ್ಕೆ ಇನ್ನೊಂದು ಬಂದಿದೆ: "ವಿಶ್ವಾಸ ಸಾಲದು." ಇದು ಇನ್ನೂ ಕ್ರೂರ ಅನ್ಸುತ್ತೆ ನನಗೆ. ಪಾಪ ಆದ್ರೆ ಅರಿಕೆ ಮಾಡಿ ಮುಗಿಸಬಹುದು, ವಿಶ್ವಾಸ ಎಷ್ಟಿದೆ ಅಂತ ಯಾವ ತಕ್ಕಡಿಯಲ್ಲಿ ತೂಗೋದು? ವಾಸಿಯಾದ್ರೆ ಪ್ರಾರ್ಥನೆ ಮಾಡಿದವರ ಅಭಿಷೇಕ (ದೇವರು ಅವರಿಗೆ ಕೊಟ್ಟ ಶಕ್ತಿ), ಆಗದಿದ್ರೆ ಮಲಗಿದ್ದವರ ತಪ್ಪು. ನಜರೇತಿನಲ್ಲಿ ಜನರ ಅವಿಶ್ವಾಸದಿಂದ ಯೇಸುಸ್ವಾಮಿ ಹೆಚ್ಚು ಮಹತ್ಕಾರ್ಯ ಮಾಡೋಕಾಗಲಿಲ್ಲ ಅನ್ನೋ ಮಾರ್ಕ 6ರ ವಚನ ಎತ್ತಿ ತೋರಿಸ್ತಾರೆ. ಆದ್ರೆ ಅದು ಅವರನ್ನ ತಿರಸ್ಕರಿಸಿದ ಊರಿನ ಬಗ್ಗೆ, ಹಾಸಿಗೆ ಮೇಲೆ ಹೆದರಿ ಮಲಗಿರೋ ಒಬ್ಬ ಮುದುಕಿ ಬಗ್ಗೆ ಅಲ್ಲ. ಮಾರ್ಕ 9ರಲ್ಲಿ ಒಬ್ಬ ಅಪ್ಪ "ನಂಬ್ತೀನಿ, ನನ್ನ ಅಪನಂಬಿಕೆಗೆ ಸಹಾಯ ಮಾಡು" ಅಂತ ಅಳ್ತಾನಲ್ಲ, ಅರೆಬರೆ ನಂಬಿಕೆ ಅದು, ಅವನ ಮಗ ವಾಸಿಯಾದ.

ಪೌಲನಿಗಿಂತ ಹೆಚ್ಚು ವಿಶ್ವಾಸ ಯಾರಿಗಿತ್ತು ಹೇಳಿ. ಶರೀರದಲ್ಲಿ ಒಂದು ಮುಳ್ಳು ಇದೆ ಅಂತ ಅವನೇ ಬರೀತಾನೆ, ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡ, ತೆಗೀಲಿಲ್ಲ, ನನ್ನ ಕೃಪೆ ನಿನಗೆ ಸಾಕು ಅನ್ನೋ ಉತ್ತರ ಬಂತು. ಅವನ ಶಿಷ್ಯ ತಿಮೊಥೆಗೆ ಹೊಟ್ಟೆ ಸರಿಯಿರ್ಲಿಲ್ಲ, ಪದೇಪದೇ ಅಸ್ವಸ್ಥ ಆಗ್ತಿದ್ದ, ಅವನಿಗೆ ಪೌಲ ಕೊಟ್ಟ ಸಲಹೆ ಬರೀ ನೀರು ಕುಡೀಬೇಡ ಸ್ವಲ್ಪ ದ್ರಾಕ್ಷಾರಸ ತಗೋ ಅಂತ, ಮನೆಮದ್ದು! ಮಿಲೇತ ಊರಲ್ಲಿ ಜೊತೆಗಾರ ತ್ರೊಫಿಮ ಕಾಯಿಲೆ ಬಿದ್ದ, ಅವನನ್ನ ಅಲ್ಲೇ ಬಿಟ್ಟು ಬಂದೆ ಅಂತ ಒಂದೇ ಸಾಲು ಬರೀತಾನೆ, ಯಾಕೆ ಅಂತ ಇಲ್ಲ, ಅವನ ವಿಶ್ವಾಸದ ಮೇಲೆ ಟೀಕೆ ಇಲ್ಲ. ಜೊತೆಗೆ ತಿರುಗ್ತಿದ್ದ ಲೂಕನನ್ನ ಪ್ರಿಯ ವೈದ್ಯ ಅಂತ ಕರೀತಾನೆ.

ಇಲ್ಲಿ ಇನ್ನೊಂದು ಗ್ರೀಕ್ ಪದ ಹೇಳ್ಬೇಕು, "ಸೋಜೋ". ವಾಸಿ ಮಾಡು, ರಕ್ಷಿಸು ಎರಡೂ ಅರ್ಥ. ಸುವಾರ್ತೆಗಳಲ್ಲಿ "ನಿನ್ನ ನಂಬಿಕೆ ನಿನ್ನನ್ನ ಸ್ವಸ್ಥ ಮಾಡಿತು" ಅಂತ ಬರೋ ಕಡೆ ಇದೇ ಪದ, "ರಕ್ಷಿಸಿತು" ಅಂತಲೂ ಓದಬಹುದು. ಲೂಕ 17ರ ಹತ್ತು ಕುಷ್ಠರೋಗಿಗಳಲ್ಲಿ ಹತ್ತೂ ಜನ ಶುದ್ಧರಾಗ್ತಾರೆ, ಈ ಮಾತು ಕೇಳಿಸ್ಕೊಳ್ಳೋನು ತಿರುಗಿ ಬಂದ ಸಮಾರ್ಯದವನೊಬ್ಬನೇ. ಅವನಿಗೆ ಚರ್ಮಕ್ಕಿಂತ ಜಾಸ್ತಿ ಏನೋ ಸಿಕ್ತು ಅನ್ನೋದು ಸ್ಪಷ್ಟ. ಹಾಗಾಗಿ ದೇಹ ವಾಸಿಯಾಗದೇನೂ ಈ ಪದ ನಿಜ ಆಗಬಹುದು ಅಂತ ಸಭೆ ಮೊದಲಿಂದ ನಂಬಿಕೊಂಡು ಬಂದಿದೆ.

ಸಭೆ ಯಾವಾಗ್ಲೂ ಇದನ್ನ ನೆಟ್ಟಗೆ ಪಾಲಿಸ್ತು ಅಂತಲ್ಲ. ನಾಲ್ಕನೇ ಶತಮಾನದಲ್ಲಿ ಕೈಸರೈಯದ ಬಿಷಪ್ ಬಾಸಿಲ್ ಬಡವರಿಗೂ ರೋಗಿಗಳಿಗೂ ದೊಡ್ಡ ಆಶ್ರಯ ಕಟ್ಟಿಸಿದ್ರು, ವೈದ್ಯವಿದ್ಯೆ ದೇವರ ಕೊಡುಗೆ ಅಂತ ಬರೆದ್ರು. 1215ರಲ್ಲಿ ರೋಮಿನಲ್ಲಿ ನಡೆದ ಲ್ಯಾಟರನ್ ಮಹಾಸಭೆ ಮಾತ್ರ ವೈದ್ಯರು ಮೊದಲು ಗುರುಗಳನ್ನ ಕರೆಸೋಕೆ ರೋಗಿಗೆ ಹೇಳ್ಬೇಕು, ಕೆಲವು ಸಲ ರೋಗ ಪಾಪದಿಂದ ಬರುತ್ತೆ ಅಂತ ನಿಯಮ ಮಾಡ್ತು. ಕ್ಯಾಥೋಲಿಕರಲ್ಲಿ ಎಣ್ಣೆ ಹಚ್ಚೋ ಸಂಸ್ಕಾರ ನಿಧಾನಕ್ಕೆ ಸಾಯೋರಿಗೆ ಕೊಡೋ ಅಂತ್ಯಲೇಪನ ಆಗೋಯ್ತು, ಫಾದರ್ ಎಣ್ಣೆ ತಗೊಂಡು ಬಂದ್ರು ಅಂದ್ರೆ ಮನೆಯವರು ಅಳೋಕೆ ಶುರು ಮಾಡೋರು. ಎರಡನೇ ವ್ಯಾಟಿಕನ್ ಮಹಾಸಭೆ ಆದ್ಮೇಲೆ 1972ರಲ್ಲಿ ಅದನ್ನ ಮತ್ತೆ ರೋಗಿಗಳ ಲೇಪನ ಅಂತ ತಿದ್ದಿದ್ರು.

ಒಂದು ವಿಷಯ ಮಾತ್ರ ಸುತ್ತಿಬಳಸದೆ ಹೇಳ್ತೀನಿ. ಪ್ರಾರ್ಥನೆ ಮಾಡಿಸ್ಕೊಂಡು ಇನ್ಸುಲಿನ್ ನಿಲ್ಲಿಸಿದೋರು, ಫಿಟ್ಸ್ ಮಾತ್ರೆ ಎಸೆದು ವೇದಿಕೆ ಮೇಲೆ ಸಾಕ್ಷಿ ಹೇಳಿದೋರು ನಮ್ಮ ನಡುವೆ ಇದ್ದಾರೆ. ಸಾಕ್ಷಿ ಹೇಳಿದ ವಾರ ಎಲ್ರಿಗೂ ಗೊತ್ತಾಗುತ್ತೆ, ಮೂರು ತಿಂಗಳ ಮೇಲೆ ಐಸಿಯು ಸೇರಿದ್ದು ಮನೆಯವರಿಗೆ ಮಾತ್ರ. ಯಾರಾದ್ರೂ ಮಾತ್ರೆ ಬಿಡು ಅಂದ್ರೆ, ಅವರು ಎಷ್ಟೇ ದೊಡ್ಡ ಹೆಸರಿನವರಾಗಿರ್ಲಿ, ಬಿಡ್ಬೇಡಿ.

ದೊಡ್ಡಮ್ಮನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಆ ಗುಂಪು ಬಂದು ಹೋದ ಮಾರನೇ ವಾರ ನಮ್ಮ ಚರ್ಚಿನ ಅಯ್ಯನವರು ಬಂದ್ರು, ರಿಟೈರ್ ಆಗೋಕೆ ಒಂದೆರಡು ವರ್ಷ ಇದ್ದ ಮನುಷ್ಯ, ಸ್ಕೂಟರ್ ನಿಲ್ಲಿಸಿ ಚಪ್ಪಲಿ ಬಿಟ್ಟು ಒಳಗೆ ಬಂದು ಮಂಚದ ಪಕ್ಕ ಸ್ಟೂಲ್ ಎಳ್ಕೊಂಡು ಕೂತ್ರು. ದೊಡ್ಡಮ್ಮ ತಮ್ಮ ಪಟ್ಟಿ ತೆಗೆದ್ರು, ಓರಗಿತ್ತಿ ಜಗಳದಿಂದ ಹಿಡ್ಕೊಂಡು ಎಲ್ಲ ಹೇಳಿದ್ರು, ಅವರು ಅಡ್ಡ ಬಾಯಿ ಹಾಕದೆ ಪೂರ್ತಿ ಕೇಳಿದ್ರು. "ಇದನ್ನೆಲ್ಲ ದೇವರು ಯಾವತ್ತೋ ಕ್ಷಮಿಸಿ ಆಗಿದೆ ಅಕ್ಕ. ಕ್ಯಾನ್ಸರ್‌ಗೂ ಇದಕ್ಕೂ ಗಂಟು ಹಾಕ್ಬೇಡಿ" ಅಂದ್ರು. ಆಮೇಲೆ ಜೇಬಿಂದ ಸಣ್ಣ ಎಣ್ಣೆ ಬಾಟಲು ತೆಗೆದು ಮುಚ್ಚಳ ಬಿಚ್ಚಿದೋರು, ಪಕ್ಕದ ಟೇಬಲ್ ಮೇಲಿದ್ದ ಮಾತ್ರೆ ಡಬ್ಬಿ ನೋಡಿ ಕೈ ತಡೆದು ಕೇಳಿದ್ರು, "ಮಧ್ಯಾಹ್ನದ್ದು ತಗೊಂಡ್ರಾ?"

ತಗೊಂಡಿರ್ಲಿಲ್ಲ. ನಾನು ನೀರು ತರೋಕೆ ಎದ್ದೆ.